ಕಿವಿಯಣ್ಣ ಆರಿಸಿದ ಎಂಜಿನ್

ಗಾಜಿನ ಹಾಳೆಗಳನ್ನು ಹೇರಿಕೊಂಡು ಸೇತುವೆಯ ಏರು ಹತ್ತುತ್ತಿದ್ದ ಹಳೇ ಪಿಕಪ್ಪು ಢಮಾರ್ ಎಂದು ನಿಂತುಬಿಟ್ಟಿತು. ಬಾನೆಟ್ಟಿನ ಸಂದಿಯಿಂದ ಹೊಗೆ ಎದ್ದಿತು, ರಸ್ತೆಯ ಮೇಲೆ ಕರೀ ಎಣ್ಣೆ ಹರಿಯಿತು. ಪಕ್ಕದ ಸೀಟಿನಲ್ಲಿದ್ದ ಹೆಂಡತಿ ಥಟ್ಟನೆ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಳು, ಹಗ್ಗ ಎಳೆದು ನೋಡಿದಳು, ಗಾಜು ಒಡೆದಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಕಿವಿಯಣ್ಣ ಮಾತ್ರ ಸ್ಟೇರಿಂಗ್ ಹಿಡಿದವನು ಹಿಡಿದ ಹಾಗೇ ಕೂತಿದ್ದ. ಗಾಡಿ ಕೆಟ್ಟಿತೆಂದು ಅವನು ಹಾಗೆ ಗರ ಬಡಿದವನಂತೆ ಕೂರಲಿಲ್ಲ. ಗಾಡಿ ಅಂದಮೇಲೆ ಕೆಡುತ್ತದೆ. ಆದರೆ ತನಗೆ ಒಂದು ಮಾತೂ ಹೇಳದೆ ಕೆಟ್ಟಿತಲ್ಲ ಎಂಬುದನ್ನು ಅವನ ತಲೆ ಒಪ್ಪಲಿಲ್ಲ.

ಅದು ಅಂಥ ದೊಡ್ಡ ಅವಮಾನ ಯಾಕೆ ಎಂದು ತಿಳಿಯಬೇಕಾದರೆ ಈ ಮನುಷ್ಯನ ವಿಷಯ ಸ್ವಲ್ಪ ಹೇಳಬೇಕು. ಗಾಜಿನ ಅಂಗಡಿಯಿಂದ ಹೊಸದಾಗಿ ಕಟ್ಟುತ್ತಿರುವ ಮನೆಗಳಿಗೆ ಗಾಜು ಸಾಗಿಸುವುದು ಅವನ ಕಸುಬು. ಗಂಡ ಹೆಂಡತಿ ಸೇರಿ ಮಾಡುವ ಕೆಲಸ. ಅವಳು ಹಾಳೆಗಳ ನಡುವೆ ರಟ್ಟು ಇಟ್ಟು ಓರೆ ಚೌಕಟ್ಟಿಗೆ ಹಗ್ಗ ಬಿಗಿಯುತ್ತಾಳೆ, ಅವನು ಓಡಿಸುತ್ತಾನೆ. ಆದರೆ ಅವನಿಗೆ ಹೆಸರು ಬಂದದ್ದು ಗಾಜಿನಿಂದಲ್ಲ, ಕಿವಿಯಿಂದ. ಚಹಾ ಅಂಗಡಿಯಲ್ಲಿ ಬೀದಿಗೆ ಬೆನ್ನು ಹಾಕಿ ಕೂತವನು, ಹಿಂದೆ ಹೋದ ಲಾರಿಯ ವಾಲ್ವು ಸೋರುತ್ತಿದೆ ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಸೋರುತ್ತಿತ್ತು. ಯಾರೇ ಹಳೇ ಎಂಜಿನ್ ಕೊಳ್ಳಲಿ, ಇವನನ್ನು ಕರೆದುಕೊಂಡು ಹೋಗದೆ ಕೊಳ್ಳುತ್ತಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತನೆಂದರೆ ಸುತ್ತಲಿನವರು ಉಸಿರು ಬಿಗಿಹಿಡಿದು ಕಾಯಬೇಕು. ಕಣ್ಣು ತೆರೆದು ಅವನು ಹೇಳಿದ್ದೇ ವೇದವಾಕ್ಯ. ಮನುಷ್ಯನಿಗೆ ಸುಳ್ಳು ಹೇಳಲು ಬರುತ್ತದೆ, ಎಂಜಿನ್ನಿಗೆ ಬರುವುದಿಲ್ಲ ಎಂಬುದು ಅವನು ಎಲ್ಲೆಲ್ಲೂ ಹೇಳುತ್ತಿದ್ದ ಮಾತು.

ಜಂಭ ಇತ್ತೇ ಎಂದರೆ, ಇತ್ತು. ಮೊಗೆದು ಹಂಚಿದರೂ ಮಿಗುವಷ್ಟಿತ್ತು. ಗಾಡಿಯಲ್ಲಿ ಪಕ್ಕ ಕೂತವರು ಯಾರಾದರೂ ಏನೋ ಸದ್ದು ಬರುತ್ತಿದೆಯಲ್ಲ ಎಂದು ಬಾಯಿ ಬಿಟ್ಟರೆ ಮುಗಿಯಿತು. "ಕಿವಿ ನನ್ದಾ, ನಿನ್ದಾ?" ಎನ್ನುತ್ತಿದ್ದ. ಹೆಂಡತಿಗೆ ಮದುವೆಯಾದ ಹೊಸದರಲ್ಲೇ ಆ ಪ್ರಶ್ನೆ ಬಿದ್ದಿತ್ತು. ಅವಳ ತಮ್ಮ, ಅಂದರೆ ಗ್ಯಾರೇಜು ಇಟ್ಟುಕೊಂಡಿರುವ ಭಾವಮೈದುನ, ಎಂಜಿನ್ ಬಿಚ್ಚುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನು, ಅವನಿಗೂ ಬಿದ್ದಿತ್ತು. ಹೀಗಾಗಿ ಆ ಮನೆಯಲ್ಲಿ ಸದ್ದಿನ ವಿಷಯ ಯಾರೂ ಎತ್ತುತ್ತಿರಲಿಲ್ಲ. ಹುತ್ತಕ್ಕೆ ಕೈ ಹಾಕುವ ಹುಚ್ಚು ಯಾರಿಗಿದೆ?

ಗಾಡಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ತಂದರು. ಭಾವಮೈದುನ ಕೆಳಗೆ ತೂರಿ, ದೀಪ ಹಿಡಿದು ನೋಡಿ, ಎದ್ದು ಬಂದು ಬಟ್ಟೆಯಿಂದ ಕೈ ಒರೆಸಿಕೊಂಡ. ಬೇರಿಂಗ್ ಸವೆದು, ಅದು ಹಿಡಿದಿದ್ದ ಸಲಾಕೆ ಕಳಚಿ, ಎಂಜಿನ್ನಿನ ಗೋಡೆಗೇ ಕಿಂಡಿ ಕೊರೆದು ಹೊರಗೆ ಬಂದಿತ್ತು. ಕೈ ತೂರುವಷ್ಟು ದೊಡ್ಡ ಕಿಂಡಿ. ರಿಪೇರಿಯ ಮಾತೇ ಇಲ್ಲ, ಬೇರೆ ಎಂಜಿನ್ ಕೂರಿಸಬೇಕು ಎಂದ.

"ಭಾವ, ಇದು ಹಿಂಗಾಗೋ ಮುಂಚೆ..." ಎಂದು ಶುರುಮಾಡಿದವನು ಅಕ್ಕನ ಮುಖ ನೋಡಿ ಮಾತು ನುಂಗಿಕೊಂಡ. ಅವಳು ಬಗ್ಗಿ, ಸುತ್ತಿದ್ದ ಹಗ್ಗವನ್ನೇ ಮತ್ತೆ ಸುತ್ತತೊಡಗಿದಳು.

ಕಿವಿಯಣ್ಣ ಅದನ್ನೆಲ್ಲ ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಕಿಂಡಿಯನ್ನು ನೋಡುತ್ತ ಒಂದೇ ಮಾತು ಹೇಳುತ್ತಿದ್ದ. ಒಂದು ಕೆಮ್ಮಲಿಲ್ಲ, ಒಂದು ನರಳಲಿಲ್ಲ, ಮಲಗಿದಲ್ಲೇ ಹೋದವರ ಹಾಗೆ ಹೋಯಿತಲ್ಲ ಎಂದು. ಇಷ್ಟು ವರ್ಷ ಸಾಕಿದ ಎಂಜಿನ್ ತನಗೇ ಮೋಸ ಮಾಡಿತಲ್ಲ ಎಂದು.

ಯಾವ ಎಂಜಿನ್ ಹಾಕುವುದು ಎಂಬ ಚರ್ಚೆ ಮನೆಯ ಊಟದ ಮೇಜಿನವರೆಗೂ ಬಂತು. ದೊಡ್ಡ ಗಾಡಿಯ ಎಂಜಿನ್ ಹಾಕಿದರೆ ಏರಿನಲ್ಲಿ ಜೋರಾಗಿ ಎಳೆಯುತ್ತದೆ ಎಂದು ಭಾವಮೈದುನ ಆಸೆ ತೋರಿಸಿದ. ಅದಕ್ಕೆ ಗೇರ್‌ಬಾಕ್ಸ್ ಬದಲಿಸಬೇಕು, ಕೂರಿಸುವ ಜಾಗ ಕತ್ತರಿಸಿ ಬೆಸೆಯಬೇಕು, ಮುಂದಿನ ಸ್ಪ್ರಿಂಗು ಕುಸಿಯುತ್ತದೆ. ಒಂದು ಗುಂಡಿ ಸಿಕ್ಕಿತೆಂದು ಹೊಸ ಅಂಗಿ ಹೊಲಿಸಿದ ಹಾಗಾಗುತ್ತದೆ ಎಂದು ಕಿವಿಯಣ್ಣ ತಳ್ಳಿಹಾಕಿದ. ಹೊಸದನ್ನು ಕೊಳ್ಳುವ ಶಕ್ತಿ ಇಲ್ಲ. ಹಾಗಾಗಿ ಅದೇ ಜಾತಿಯ ಗಾಡಿಯಿಂದ ಇಳಿಸಿದ, ಇನ್ನೂ ಓಡುವ ಹಳೇ ಎಂಜಿನ್ನೇ ಗತಿ. ಅದನ್ನೂ ಒಮ್ಮೆ ಕೊಳ್ಳಬಹುದು, ಎರಡನೇ ಸಲ ಕೊಳ್ಳಲಾಗದು. ಆರಿಸಿದ್ದು ಕೈಕೊಟ್ಟರೆ ಪಿಕಪ್ಪನ್ನು ಗುಜರಿಯವನ ತೂಕಕ್ಕೆ ಹಾಕಬೇಕು, ಗಾಜಿನ ಅಂಗಡಿಯವರು ಬೇರೆ ಗಾಡಿ ನೋಡಿಕೊಳ್ಳುತ್ತಾರೆ, ಗಂಡ ಹೆಂಡತಿ ಮನೆಯಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡಬೇಕು. ಮೂವರಿಗೂ ಅದು ಗೊತ್ತಿತ್ತು. ಆದರೂ ಕಿವಿಯಣ್ಣನಿಗೆ ಹೆದರಿಕೆ ಇರಲಿಲ್ಲ. ಆರಿಸುವವನು ಯಾರು ಎಂದುಕೊಂಡಿರಿ?

ಎಂಜಿನ್ ಮಾರುವ ಸಾಹುಕಾರನ ಅಂಗಳಕ್ಕೆ ಹೊರಟಾಗ ಹೆಂಡತಿ ತಾನೂ ಬರುತ್ತೇನೆಂದಳು. ಇವನಿಗೆ ನಗು ಬಂತು. ನೀನು ಬಂದು ಎಂಜಿನ್ನಿಗೆ ಹಗ್ಗ ಬಿಗಿಯುತ್ತೀಯಾ ಎಂದು ಕಿಚಾಯಿಸಿದ. ಅವಳು ಉತ್ತರ ಕೊಡದೆ ತಮ್ಮನ ಗಾಡಿ ಹತ್ತಿ ಕೂತಳು. ಇತ್ತೀಚೆಗೆ ಅವಳು ಎದುರು ಮಾತಾಡುವುದು ಕಡಿಮೆಯಾಗಿತ್ತು. ಅವಳೊಬ್ಬಳೇ ಅಲ್ಲ, ಇಡೀ ಮನೆಯೇ ಒಂದು ಹದಕ್ಕೆ ಬಂದಿತ್ತು ಎಂದು ಅವನ ಸಮಾಧಾನ. ಮೊದಲು ಪಾತ್ರೆಗಳ ಗಲಾಟೆ, ಹೆಂಡತಿಗೂ ಬೆಳೆದ ಮಗಳಿಗೂ ವಾಗ್ವಾದ, ಪಕ್ಕದ ಮನೆಯ ರೇಡಿಯೋ. ಈಗ ಮನೆಯೆಂದರೆ ಮನೆ, ಕೂತು ವಿಶ್ರಾಂತಿ ತೆಗೆದುಕೊಳ್ಳಬಹುದು. ದಾರಿಯಲ್ಲಿ ಹೆಂಡತಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗುವುದೂ ನಿಂತಿತ್ತು. ಮೊದಲೆಲ್ಲ ಪಿಕಪ್ಪು ಮೂಲೆ ತಿರುಗುವ ಮೊದಲೇ ಅವಳ ಕಣ್ಣು ಮುಚ್ಚುತ್ತಿತ್ತು. ಕೆಲವು ತಿಂಗಳಿಂದ ಡ್ಯಾಷ್‌ಬೋರ್ಡಿನ ಮೇಲೆ ಕೈ ಊರಿ ನೆಟ್ಟಗೆ ಕೂರುತ್ತಿದ್ದಳು. ವಯಸ್ಸಾದಂತೆ ನಿದ್ದೆ ಕಡಿಮೆಯಾಗುತ್ತದೆ ಎಂದುಕೊಂಡು ಸುಮ್ಮನಿದ್ದ.

ಸಾಹುಕಾರನ ಅಂಗಳ ಎಂದರೆ ತಗಡಿನ ಚಾವಣಿ, ಎಣ್ಣೆ ಕುಡಿದು ಕಪ್ಪಾದ ನೆಲ, ಸಾಲಾಗಿ ಕಬ್ಬಿಣದ ಚೌಕಟ್ಟುಗಳ ಮೇಲೆ ಕೂತ ಎಂಜಿನ್ನುಗಳು. ಅಲ್ಲಿ ಒಂದು ಕಟ್ಟಳೆ ಇತ್ತು. ಬ್ಯಾಟರಿ ಕೊಟ್ಟು, ನೀರಿನ ಪೈಪು ಜೋಡಿಸಿ, ಕೊಳ್ಳುವವರ ಕಣ್ಣೆದುರೇ ಎಂಜಿನ್ ಓಡಿಸಿ ತೋರಿಸುತ್ತಾರೆ. ಎಷ್ಟು ಹೊತ್ತು ಬೇಕಾದರೂ ಕೇಳಿ, ಮೂಸಿ, ಮುಟ್ಟಿ ನೋಡಬಹುದು. ಒಪ್ಪಿಗೆಯಾದರೆ ಕೊಳ್ಳುವವನೇ ಸೀಮೆಸುಣ್ಣದಿಂದ ಅದರ ಮೇಲೆ ಗೆರೆ ಎಳೆಯಬೇಕು. ಗೆರೆ ಬಿದ್ದ ಮೇಲೆ ಮಾತಿಲ್ಲ. ಕಲ್ಲಾದರೂ ಅದು ಅವನದೇ.

ಸಾಹುಕಾರನಿಗೂ ಕಿವಿಯಣ್ಣನಿಗೂ ಹಳೆಯದೊಂದು ಆಟವೂ ಇತ್ತು. ಕಿವಿಯಣ್ಣ ಬಂದಾಗಲೆಲ್ಲ ಸಾಹುಕಾರ ಅಂಗಳದಲ್ಲಿರುವ ಅತ್ಯಂತ ದರಿದ್ರ ಎಂಜಿನ್ ಯಾವುದೋ ಅದನ್ನೇ ಮೊದಲು ಓಡಿಸುತ್ತಿದ್ದ. ಕಿವಿಯಣ್ಣ ಸ್ಕ್ರೂಡ್ರೈವರನ್ನು ಜೇಬಿನಿಂದ ತೆಗೆಯುವುದೂ ಇಲ್ಲ. ನಿಂತಲ್ಲಿಂದಲೇ, ಇದಕ್ಕೆ ಹಾರ ಹಾಕಿ ಕಳಿಸು, ಇದರ ಹಲ್ಲುಗಳೆಲ್ಲ ಉದುರಿವೆ, ಎಂದು ಒಂದು ಬೈಗುಳ ಎಸೆಯುತ್ತಿದ್ದ. ಆ ಬೈಗುಳ ಕೇಳಲೆಂದೇ ಅಕ್ಕಪಕ್ಕದ ಅಂಗಡಿಯವರು ಬಂದು ನಿಲ್ಲುತ್ತಿದ್ದರು. ಎಲ್ಲರೂ ನಕ್ಕ ಮೇಲೆ ಸಾಹುಕಾರ ನಿಜವಾದ ಮಾಲು ತೋರಿಸುತ್ತಿದ್ದ.

ಅವತ್ತೂ ಹಾಗೇ ಶುರುವಾಯಿತು. ಮೂಲೆಯಲ್ಲಿದ್ದ ಒಂದು ಮುದಿ ಎಂಜಿನ್ ಚಾಲೂ ಆಯಿತು. ತಗಡಿನ ಚಾವಣಿಯಿಂದ ತುಕ್ಕು ಉದುರಿತು. ಹೆಂಡತಿ ಎರಡೂ ಕಿವಿ ಮುಚ್ಚಿಕೊಂಡಳು. ಭಾವಮೈದುನ ಆಗಲೇ ನಗಲು ತಯಾರಾಗಿ ಭಾವನ ಬಾಯಿ ನೋಡಿದ.

ಕಿವಿಯಣ್ಣ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಎಂಜಿನ್ನಿಗೆ ಒತ್ತಿದ, ಕಣ್ಣು ಮುಚ್ಚಿದ, ನಿಧಾನವಾಗಿ ತಲೆಯಾಡಿಸಿದ. ಆಮೇಲೆ ಮುಂದಿನದು ತೋರಿಸು ಎಂದು ಕೈಸನ್ನೆ ಮಾಡಿದ. ಸಾಹುಕಾರನಿಗೆ ಸ್ವಲ್ಪ ನಿರಾಸೆಯಾಯಿತು. ದುಃಖದಲ್ಲಿದ್ದಾನೆ, ಪಾಪ, ಎಂದುಕೊಂಡು ಒಳ್ಳೆಯ ಎಂಜಿನ್ನುಗಳನ್ನು ಒಂದೊಂದಾಗಿ ಓಡಿಸಿದ. ಕಿವಿಯಣ್ಣ ಒಂದೊಂದಕ್ಕೂ ಕಿವಿ ಕೊಟ್ಟ, ಒಂದೊಂದಕ್ಕೂ ಹುಬ್ಬು ಗಂಟಿಕ್ಕಿದ. ಇವುಗಳಲ್ಲಿ ಏನೂ ಇಲ್ಲವಲ್ಲ! ಮಂಕಾಗಿವೆ, ಜೀವವೇ ಇಲ್ಲ, ಹತ್ತಿಯ ಮೂಟೆಗೆ ಕಿವಿ ಇಟ್ಟ ಹಾಗಿದೆ. ಮೊದಲಿನದೇ ವಾಸಿ. ಅದರೊಳಗೆ ಮಾತ್ರ ಹಿತವಾದ, ಮೆಲ್ಲನೆಯ ಒಂದು ಗುನುಗು ಇತ್ತು, ಮೈಗೆ ತಾಗುವ ಬಲ ಇತ್ತು. ಅವನು ಹಿಂದೆ ನಡೆದು ಹೋಗಿ, ಗೂಡಿನಲ್ಲಿದ್ದ ಸೀಮೆಸುಣ್ಣ ತೆಗೆದು, ಆ ಮುದಿ ಎಂಜಿನ್ನಿನ ನೆತ್ತಿಯ ಮೇಲೆ ಉದ್ದಕ್ಕೆ ಗೆರೆ ಎಳೆದ.

ಸಾಹುಕಾರ ಹೊಟ್ಟೆ ಹಿಡಿದುಕೊಂಡು ನಕ್ಕ. ಈ ಸಲ ನನಗೇ ಆಟ ಆಡಿಸಿದೆಯಲ್ಲ ಅಣ್ಣ ಎಂದು ಬೆನ್ನು ತಟ್ಟಿದ. ಅಕ್ಕಪಕ್ಕದ ಅಂಗಡಿಯವರೂ ನಕ್ಕರು. ಕಿವಿಯಣ್ಣನಿಗೆ ಅದರಲ್ಲಿ ನಗುವಂಥದ್ದೇನಿದೆ ಎಂದು ತಿಳಿಯಲಿಲ್ಲ. ಇದರಷ್ಟು ಮೆತ್ತಗೆ ಓಡುವ ಎಂಜಿನ್ ಈ ಅಂಗಳಕ್ಕೆ ಬಂದೇ ಇಲ್ಲ, ಇಳಿಸಿ ಕೊಡು ಎಂದ. ಮುಖದಲ್ಲಿ ತಮಾಷೆಯ ಒಂದು ಗೆರೆಯೂ ಇರಲಿಲ್ಲ.

ನಗು ಒಂದೊಂದೇ ಬಾಯಿಯಲ್ಲಿ ನಿಂತಿತು. ಸಾಹುಕಾರ ಇನ್ನೂ ಅವನ ಬೆನ್ನ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಭಾವಮೈದುನ ನೆಲ ನೋಡಿದ. ಹೆಂಡತಿ ಮಾತ್ರ ನಡೆದು ಬಂದು, ಅವನ ಬೆನ್ನ ಹಿಂದೆ ಒಂದು ಮಾರು ದೂರದಲ್ಲಿ ನಿಂತು, ಕರೆದಳು. ಅವನು ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದಳು. ಅವನು ಸೀಮೆಸುಣ್ಣದ ಪುಡಿಯನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದ. ಅವಳು ಮುಂದೆ ಬಂದು, ಅಷ್ಟು ಜನರ ಎದುರಿಗೆ, ಅಂಗೈಯಿಂದ ಆ ಗೆರೆಯನ್ನು ಉಜ್ಜಿ ಅಳಿಸಿದಳು. ಆ ಅಂಗಳದಲ್ಲಿ ಯಾರೂ ಮಾಡದ ಕೆಲಸ ಅದು. ಸಾಹುಕಾರ ತಡೆಯಲಿಲ್ಲ.

ಕಿವಿಯಣ್ಣನಿಗೆ ಕೋಪ ನೆತ್ತಿಗೇರಿತು. ಬಾಯಿ ತೆರೆದಾಗ ಅವಳ ಕಣ್ಣು ತುಂಬಿರುವುದು ಕಾಣಿಸಿತು. ಅವಳು ಅವನ ಕೈ ಹಿಡಿದು ಇನ್ನೂ ಓಡುತ್ತಿದ್ದ ಕೊನೆಯ ಎಂಜಿನ್ನಿನಿಂದ ದೂರ, ಅಂಗಳದ ಹೊರಗಿನ ಕಲ್ಲುಬೆಂಚಿಗೆ ಕರೆದುಕೊಂಡು ಹೋಗಿ ಕೂರಿಸಿ, ಎದುರಿಗೆ ನಿಂತಳು. ಸಾಹುಕಾರ ಎಂಜಿನ್ ಆರಿಸಿದ. ಅಂಗಳವೆಲ್ಲ ಒಮ್ಮೆಗೇ ಸ್ತಬ್ಧವಾದದ್ದಕ್ಕೆ ಬೀದಿಯವರೆಲ್ಲ ತಲೆ ಎತ್ತಿ ನೋಡಿದರು. ಕಿವಿಯಣ್ಣನಿಗೆ ಮಾತ್ರ ಅಂಥ ವ್ಯತ್ಯಾಸವೇನೂ ಗೊತ್ತಾಗಲಿಲ್ಲ.

"ರೀ, ನೀವು ಗೆರೆ ಎಳೆದಿದ್ದು ಕಲ್ಲು ಕುಟ್ಟೋ ಹಾಗೆ ಕುಟ್ತಾ ಇತ್ತು. ನಿಮ್ಗೆ ಕೇಳಿಸ್ಲಿಲ್ವಾ?"

ಅವನು ಅವಳನ್ನೇ ನೋಡಿದ. ಕೇಳಿಸಲಿಲ್ಲ ಎಂದು ಹೇಳುವುದು ಹೇಗೆಂದೇ ಅವನಿಗೆ ಗೊತ್ತಿರಲಿಲ್ಲ. ಆ ಮಾತನ್ನು ಅವನು ಜನ್ಮದಲ್ಲಿ ಆಡಿದವನಲ್ಲ. ಯಾರಾದರೂ ಏನಾದರೂ ಹೇಳಿ ಅದು ಅರ್ಧ ತಲುಪಿದರೆ ಹೂಂ ಎನ್ನುತ್ತಿದ್ದ, ಪೂರ್ತಿ ತಲುಪದಿದ್ದರೂ ಹೂಂ ಎನ್ನುತ್ತಿದ್ದ. ಈಗ ಆ ಹೂಂ ಕೂಡ ಬರಲಿಲ್ಲ. ಬೆಂಚಿನ ಅಂಚು ಹಿಡಿದುಕೊಂಡ. ಅವನು ಕೇಳಿದ್ದು ಒಂದೇ.

"ನಮ್ಮದೂ ಕುಟ್ತಾ ಇತ್ತಾ?"

ಅವಳು ತಲೆಯಾಡಿಸಿದಳು. ತಿಂಗಳುಗಟ್ಟಲೆ ಕುಟ್ಟಿತ್ತು. ಏರಿನಲ್ಲಂತೂ ಸೀಟಿನಡಿಯಿಂದ ಸುತ್ತಿಗೆಯಲ್ಲಿ ಹೊಡೆದ ಹಾಗಿರುತ್ತಿತ್ತು. ಅದಕ್ಕೇ ಅವಳು ನಿದ್ದೆ ಮಾಡುತ್ತಿರಲಿಲ್ಲ. ಯಾವ ಕ್ಷಣದಲ್ಲಿ ಏನಾಗುತ್ತದೋ ಎಂದು ಕೈ ಊರಿ ಕೂರುತ್ತಿದ್ದಳು. ತಮ್ಮನೂ ಬೀದಿ ಮೂಲೆಯಿಂದಲೇ ಕೇಳಿಸಿಕೊಂಡಿದ್ದ. ಗಾಜಿನ ಅಂಗಡಿಯ ಮಾಲೀಕನೂ ಕೇಳಿಸಿಕೊಂಡಿದ್ದ. ಇಡೀ ಬೀದಿಗೆ ಗೊತ್ತಿದ್ದ ಕಾಯಿಲೆ.

"ಮತ್ತೆ ಹೇಳ್ಬಾರ್ದಿತ್ತಾ?"

"ಹೇಳೋಕೆ ನಾನ್ಯಾರು? ಕಿವಿ ನಿಮ್ದಲ್ವಾ."

ಚುಚ್ಚಲೆಂದು ಹೇಳಿದ ಮಾತಲ್ಲ ಅದು. ಹಾಗೇ ನಂಬಿದ್ದಳು. ಇವರಿಗೆ ಕೇಳಿಸದೇ ಇರುತ್ತದೆಯೇ, ಕೇಳಿಸಿಯೂ ಓಡಿಸುತ್ತಿದ್ದಾರೆಂದರೆ ಅದರಲ್ಲೇನೋ ಲೆಕ್ಕಾಚಾರ ಇರಬೇಕು ಎಂದು ಅವಳೂ ಸುಮ್ಮನಿದ್ದಳು, ತಮ್ಮನೂ ಸುಮ್ಮನಿದ್ದ. ಮನೆಯಲ್ಲಿ ಕೂಗಿದರೆ ತಿರುಗಿ ನೋಡದಿದ್ದಾಗ ಜಾಣಕಿವುಡು ಎಂದುಕೊಂಡಿದ್ದಳು. ಗಂಡಸರಿಗೆ ಅದು ಇದ್ದದ್ದೇ ಎಂದು ಬಿಟ್ಟಿದ್ದಳು. ಇವತ್ತು ಬೆನ್ನ ಹಿಂದೆ ನಿಂತು ಕರೆದಾಗಲೇ ಅವಳಿಗೂ ಗೊತ್ತಾದದ್ದು.

ಎಂಜಿನ್ ಒಂದು ಮಾತೂ ಹೇಳದೆ ಹೋಯಿತೆಂದು ಊರಿಗೆಲ್ಲ ದೂರು ಹೇಳಿಕೊಂಡು ತಿರುಗಿದ್ದ ಮನುಷ್ಯ! ಅದು ಗಂಟಲು ಹರಿಯುವ ಹಾಗೆ ಕೂಗಿತ್ತು. ಅವನಿಗೆ ಹೋದ ಮಳೆಗಾಲ ಒಡೆದ ದೊಡ್ಡ ಗಾಜು ನೆನಪಾಯಿತು. ಗಾಜು ಒಡೆಯುವ ಮೊದಲು ಚೌಕಟ್ಟಿನಲ್ಲಿ ಕಿಣಿಕಿಣಿ ಎನ್ನುತ್ತದೆ, ಗಾಡಿ ನಿಲ್ಲಿಸಿ ಹಗ್ಗ ಬಿಗಿದರೆ ಉಳಿಯುತ್ತದೆ. ಅವತ್ತು ಅವನು ನಿಲ್ಲಿಸಿರಲಿಲ್ಲ. ಹಗ್ಗ ಸರಿಯಾಗಿ ಕಟ್ಟಲಿಲ್ಲವೆಂದು ಇವಳನ್ನು ಅಂಗಡಿಯವರ ಎದುರೇ ಬೈದಿದ್ದ. ಇವಳು ಮರುಮಾತಾಡಿರಲಿಲ್ಲ.

"ಇನ್ನೇನೇನು ಕೇಳಿಸಿಲ್ಲ ನಂಗೆ?" ಎಂದ.

ಅವಳು ಹೇಳಲೋ ಬೇಡವೋ ಎಂದು ಯೋಚಿಸಿದಳು. ಆಮೇಲೆ ಪಕ್ಕದಲ್ಲಿ ಕೂತು, ಅವನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು ಹೇಳಿದಳು. ಮಗಳು ಪಿಕಪ್ಪು ಓಡಿಸುವುದು ಕಲಿಯಬೇಕೆಂದು ಕೇಳಿದ್ದಳಂತೆ. ಅವನು ಬಾಗಿಲಿಗೆ ಬೆನ್ನು ಹಾಕಿ ಬೂಟು ಬಿಚ್ಚುತ್ತಿದ್ದಾಗ ಒಮ್ಮೆ, ಬಾನೆಟ್ಟಿನೊಳಗೆ ತಲೆ ಹಾಕಿದ್ದಾಗ ಒಮ್ಮೆ. ಅಪ್ಪ ತಿರುಗಿಯೂ ನೋಡಲಿಲ್ಲ. ಬೇಡವೆನ್ನುವುದಾದರೆ ಬಾಯಿಬಿಟ್ಟು ಬೇಡ ಎನ್ನಬಹುದಿತ್ತಲ್ಲ ಎಂದು ಅಡುಗೆಮನೆಯಲ್ಲಿ ಅತ್ತಿದ್ದಳಂತೆ. ಆಮೇಲಿಂದ ಅವಳು ಅಪ್ಪನ ಹತ್ತಿರ ಮಾತು ಬಿಟ್ಟಿದ್ದಳು. ಮಗಳು ದೊಡ್ಡವಳಾದಳು, ಗಾಂಭೀರ್ಯ ಬಂತು ಎಂದು ಇವನು ಹೆಮ್ಮೆಪಟ್ಟುಕೊಂಡಿದ್ದ. ಶಾಂತಿಯಂತೆ, ಹದವಂತೆ! ಮನೆಯಲ್ಲಿ ಪಾತ್ರೆಗಳೂ ಸದ್ದು ಮಾಡುತ್ತಿದ್ದವು, ರೇಡಿಯೋ ಕೂಡ ಹಾಡುತ್ತಿತ್ತು. ಇವನೊಬ್ಬ ಅಲ್ಲಿರಲಿಲ್ಲ, ಅಷ್ಟೇ.

ಕಿವಿಯಣ್ಣ ಅಳಲಿಲ್ಲ. ಅಳುವುದಕ್ಕೂ ಒಂದಿಷ್ಟು ತ್ರಾಣ ಬೇಕು. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕೂತ. ವರ್ಷಗಟ್ಟಲೆ ಕಿವಿಗೆ ಒತ್ತಿಕೊಂಡು ಅದರ ಮರದ ಹಿಡಿ ನುಣ್ಣಗಾಗಿತ್ತು. ಕೊನೆಗೆ ಅದನ್ನು ಹೆಂಡತಿಯ ಮಡಿಲಿಗೆ ಇಟ್ಟ.

ತನಗೆ ಎಂಜಿನ್ನಿನ ಗಂಧವೂ ಗೊತ್ತಿಲ್ಲ ಎಂದು ಅವಳು ಗಾಬರಿಯಾದಳು. ತಮ್ಮ ಇದ್ದಾನಲ್ಲ, ಅವನು ಕೇಳಲಿ ಎಂದಳು. ಕಿವಿಯಣ್ಣ ತಲೆಯಲ್ಲಾಡಿಸಿದ. ಭಾವಮೈದುನನಿಗೆ ಎಂಜಿನ್ ಗೊತ್ತು, ನಿಜ. ಆದರೆ ಆ ಗಾಡಿಯಲ್ಲಿ ವರ್ಷಗಟ್ಟಲೆ ಕೂತವಳು ಇವಳು.

"ನಮ್ಮ ಗಾಡಿ ಚೆನ್ನಾಗಿದ್ದಾಗ ನೀನು ನಿದ್ದೆ ಮಾಡ್ತಿದ್ದೆ. ಆ ಸದ್ದು ಇವುಗಳಲ್ಲಿ ಯಾವುದಕ್ಕಿದೆ, ಅಷ್ಟು ನೋಡಿ ಹೇಳು ಸಾಕು."

ಮತ್ತೆ ಎಂಜಿನ್ನುಗಳು ಓಡಿದವು. ನೋಡುತ್ತಿದ್ದವರು ಯಾರೂ ನಗಲಿಲ್ಲ. ಅವಳು ಮೊದಲು ಸ್ಕ್ರೂಡ್ರೈವರನ್ನು ತಲೆಕೆಳಗಾಗಿ ಹಿಡಿದಳು. ತಮ್ಮ ಸರಿಮಾಡಿ ಕೊಟ್ಟ. ಒಂದು ಎಂಜಿನ್ನಿಗೆ ಮುಖ ಕಿವುಚಿದಳು. ಇನ್ನೊಂದರ ಹತ್ತಿರ ನಿಂತು, ಇದು ಒಂದು ಕಾಲು ಕುಂಟುತ್ತಿದೆ ಎಂದಳು. ತಮ್ಮ ಎಣ್ಣೆಯ ಮುಚ್ಚಳ ತೆಗೆದು ನೋಡಿದರೆ ಒಳಗಿಂದ ಹೊಗೆ ಬುಸುಗುಟ್ಟುತ್ತಿತ್ತು. ಕಿವಿಯಣ್ಣ ಎಂಜಿನ್ ನೋಡುತ್ತಿರಲಿಲ್ಲ, ಅವಳ ಮುಖ ನೋಡುತ್ತಿದ್ದ. ಗೋಡೆಯ ಪಕ್ಕದಲ್ಲಿದ್ದ, ಬಣ್ಣ ಹೋದ ಒಂದು ಎಂಜಿನ್ನಿನ ಹತ್ತಿರ ಅವಳ ಹಣೆಯ ಗೆರೆಗಳು ಸಡಿಲವಾದವು. ರೆಪ್ಪೆ ಮುಚ್ಚಿತು. ನಿಂತಲ್ಲೇ ಸ್ವಲ್ಪ ವಾಲಿದಳು ಕೂಡ.

ಅವನು ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟ. ಗೆರೆ ಸೊಟ್ಟಗೆ ಬಿತ್ತು. ಸಾಹುಕಾರ ಸರಪಳಿ ತಂದು ಎಂಜಿನ್ ಇಳಿಸತೊಡಗಿದ.

ಅದನ್ನು ಕೂರಿಸಿ, ಮೊದಲ ಗಾಜಿನ ಹೇರು ಹೊತ್ತು ಪಿಕಪ್ಪು ಹೊರಟ ದಿನ ಕಿವಿಯಣ್ಣ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದ. ಮಗಳಿಗೆ ರಜೆಯ ದಿನ ಗಾಡಿ ಕಲಿಸುವುದೆಂದು ಆಗಲೇ ಮಾತಾಗಿತ್ತು. ಆ ಮಾತಾಡುವಾಗ ಅಪ್ಪ ಮಗಳು ಇಬ್ಬರೂ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಲಾಗದೆ ಒದ್ದಾಡಿದ್ದರು. ಅದೆಲ್ಲ ಸರಿ. ಈಗ ಮುಂದೆ ಅದೇ ಸೇತುವೆಯ ಏರು. ಎಂಜಿನ್ ಹಾಡುತ್ತಿದೆಯೋ ಅಳುತ್ತಿದೆಯೋ ಅವನಿಗೆ ತಿಳಿಯದು. ಕಣ್ಣಂಚಿನಲ್ಲಿ ಪಕ್ಕಕ್ಕೆ ನೋಡಿದ. ಹೆಂಡತಿ ಕಿಟಕಿಗೆ ತಲೆ ಆನಿಸಿದ್ದಳು, ಬಾಯಿ ಸ್ವಲ್ಪ ತೆರೆದಿತ್ತು, ಗಾಢ ನಿದ್ದೆ. ಅವನು ಧೈರ್ಯವಾಗಿ ಗೇರ್ ಬದಲಿಸಿದ.

ಏರಿನ ನಡುವೆ ಅವಳ ಕಣ್ಣು ಥಟ್ಟನೆ ತೆರೆಯಿತು. ಅವನು ಏನೆಂದು ಕೇಳಲಿಲ್ಲ, ವಾದ ಮಾಡಲಿಲ್ಲ. ಗಾಡಿಯನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿ, ಇಳಿದು ಓಡಿದ. ಹಿಂದೆ ಒಂದು ಗಂಟು ಸಡಿಲವಾಗಿ ಗಾಜು ಚೌಕಟ್ಟಿನಲ್ಲಿ ಅಲುಗುತ್ತಿತ್ತು. ಅದನ್ನು ಬಿಗಿದು, ಎಳೆದು ನೋಡಿ, ಬಂದು ಸೀಟಿನಲ್ಲಿ ಕೂತ.

ಅವಳು ಹೊರಗೆ ನೋಡುತ್ತ ಏನೋ ಹೇಳಿದಳು. ತುಟಿ ಅಲುಗಿದ್ದು ಮಾತ್ರ ಕಂಡಿತು. ಹೂಂ ಎಂಬುದು ಹಳೇ ಅಭ್ಯಾಸದಂತೆ ಅವನ ನಾಲಿಗೆಯ ತುದಿಗೆ ಬಂತು. ಅವನು ಅದನ್ನು ನುಂಗಿ, ಕೀಲಿ ತಿರುಗಿಸಿ ಎಂಜಿನ್ ಆರಿಸಿದ.

"ಕೇಳಿಸ್ಲಿಲ್ಲ," ಎಂದ. "ಈ ಕಡೆ ತಿರುಗಿ ಇನ್ನೊಂದ್ಸಲ ಹೇಳು."

ಅವಳು ತಿರುಗಿದಳು. ಹೇಳದೆ ಉಳಿದದ್ದು ಬಹಳ ದಿನಗಳದ್ದಿತ್ತು. ಒಡೆದ ಆ ದೊಡ್ಡ ಗಾಜಿನಿಂದ ಶುರುಮಾಡಿದಳು.